ತನ್ನದೇ ಹಾಡನ್ನು ಮತ್ತೆ ಹಾಡಿದ್ದೇಕೆ? ಟೇಲರ್ ಸ್ವಿಫ್ಟ್ ಮತ್ತು ಮಾಸ್ಟರ್ ಹಕ್ಕಿನ ಲೆಕ್ಕ

[ಪರದೆ: ಮ್ಯೂಸಿಕ್ ಆ್ಯಪ್. ಒಂದೇ ಹಾಡು, ಎರಡು ಸಾಲು]

ಯಾವುದಾದರೂ ಮ್ಯೂಸಿಕ್ ಆ್ಯಪ್ ತೆಗೆದು ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅವರ 'ಲವ್ ಸ್ಟೋರಿ' ಹುಡುಕಿ. ಎರಡು ಸಿಗುತ್ತವೆ. ಅದೇ ಪದ, ಅದೇ ರಾಗ, ಅದೇ ಬ್ಯಾಂಜೋ. ಒಂದು 2008ರದ್ದು. ಇನ್ನೊಂದು 2021ರದ್ದು, ಪಕ್ಕದಲ್ಲಿ 'ಟೇಲರ್ಸ್ ವರ್ಷನ್' ಅಂತ ಬೇರೆ ಇರುತ್ತೆ. ಹಾಡಿದವರು ಒಬ್ಬರೇ, ಆದರೆ 2025ರವರೆಗೂ ಎರಡಕ್ಕೆ ಮಾಲೀಕರು ಬೇರೆ ಬೇರೆ.

ಇದು ಹೇಗೆ? ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತೆ. ಪದ ಮತ್ತು ರಾಗ ಒಂದು, ಅದು ಬರೆದವರದು. ಸ್ಟುಡಿಯೋದಲ್ಲಿ ಆದ ಧ್ವನಿಮುದ್ರಣ ಇನ್ನೊಂದು, ಅದೇ ಮಾಸ್ಟರ್. ಖರ್ಚು ಹಾಕಿದ ಕಂಪನಿ ಸಾಮಾನ್ಯವಾಗಿ ಅದನ್ನು ಬರೆಸಿಕೊಂಡುಬಿಡುತ್ತೆ. ಜಾಗ ಒಬ್ಬರದು, ಮೇಲಿನ ಮನೆ ಇನ್ನೊಬ್ಬರದು ಅಂದ ಹಾಗೆ.

[ಪರದೆ: ನ್ಯಾಶ್‌ವಿಲ್ ನಕ್ಷೆ]

ಟೇಲರ್ ಪೆನ್ಸಿಲ್ವೇನಿಯಾದವರು, 1989ರಲ್ಲಿ ಹುಟ್ಟಿದ್ದು. ನ್ಯಾಶ್‌ವಿಲ್‌ನ ಬಿಗ್ ಮೆಷೀನ್ ಕಂಪನಿ ಜೊತೆ ಆರು ಆಲ್ಬಂಗಳ ಕರಾರಾದಾಗ ವಯಸ್ಸು ಹದಿನೈದು. ಮೊದಲ ಆಲ್ಬಂ 2006ರಲ್ಲಿ, ಆರನೆಯದು 2017ರಲ್ಲಿ. ಆರರ ಮಾಸ್ಟರ್‌ಗಳೂ ಕಂಪನಿಯ ಪಾಲು. ಆದರೆ ಹಾಡು ಬರೆಯುವವರಲ್ಲಿ ತಾವೂ ಇದ್ದೇ ಇರುತ್ತಿದ್ದರು. 2010ರ 'ಸ್ಪೀಕ್ ನೌ' ಮೂಲ ಆಲ್ಬಮ್ಮಿನ ಹದಿನಾಲ್ಕೂ ಹಾಡು ಒಬ್ಬರೇ ಬರೆದದ್ದು. ಮುಂದೆ ಕೈ ಹಿಡಿದದ್ದು ಈ ಬರವಣಿಗೆಯೇ.

2018ರ ನವೆಂಬರಿನಲ್ಲಿ ಯೂನಿವರ್ಸಲ್ ಎಂಬ ದೊಡ್ಡ ಸಂಗೀತ ಕಂಪನಿಯ ರಿಪಬ್ಲಿಕ್ ರೆಕಾರ್ಡ್ಸ್‌ಗೆ ಬಂದರು. ಇನ್ನು ಮುಂದಿನ ಮಾಸ್ಟರ್‌ಗಳು ನನ್ನವೇ ಎಂಬ ಷರತ್ತಿನ ಮೇಲೆ. ಹಳೆಯವು ಅಲ್ಲೇ ಉಳಿದವು. 2019ರ ಜೂನ್‌ನಲ್ಲಿ, ಗಾಯಕರ ಮ್ಯಾನೇಜರ್ ಆಗಿದ್ದ ಸ್ಕೂಟರ್ ಬ್ರಾನ್ ಅವರ ಕಂಪನಿ ಬಿಗ್ ಮೆಷೀನನ್ನೇ ಕೊಂಡಿತು, ಸುಮಾರು 30 ಕೋಟಿ ಡಾಲರಿಗೆ ಅಂತ ವರದಿ. ಮರುವರ್ಷ ಆ ಆರು ಆಲ್ಬಂಗಳ ಮಾಸ್ಟರ್‌ಗಳು ಶ್ಯಾಮ್‌ರಾಕ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯ ಕೈಗೆ ಹೋದವು.

ಈಗ ಮುಖ್ಯ ವಿಷಯ. ಜಾಹೀರಾತಿಗೋ ಸಿನಿಮಾಕ್ಕೋ ಒಂದು ಮುದ್ರಣ ಬೇಕು ಅಂದರೆ ಎರಡು ಸಹಿ ಬೇಕು: ಮಾಸ್ಟರ್ ಮಾಲೀಕರದೊಂದು, ಹಾಡು ಬರೆದವರದೊಂದು. ವಾರವಾರ ಬರುವ ಇಂಥ ಬೇಡಿಕೆಗಳಿಗೆಲ್ಲ ಇಲ್ಲ ಅಂತಲೇ ಹೇಳುತ್ತಿದ್ದೇವೆ ಎಂದು 2019ರಲ್ಲಿ ಟೇಲರೇ ಹೇಳಿದ್ದರು. ಕೋಟಿಗಟ್ಟಲೆ ಸುರಿದು ಕೊಂಡ ಆಸ್ತಿ, ಆದರೆ ಒಂದು ಬಾಗಿಲಿನ ಕೀಲಿ ಇವರ ಸೊಂಟದಲ್ಲಿ!

ಹೀಗೆ ಸಹಿ ತಡೆಹಿಡಿಯುವುದು ಒಂದು ದಾರಿ. ಎರಡನೆಯ ದಾರಿ, ಮರುಮುದ್ರಣ. ಅಮೆರಿಕದ ಕಾಯ್ದೆಯಲ್ಲಿ ಮಾಸ್ಟರ್ ಹಕ್ಕು ಇರುವುದು ಆ ಒಂದು ಮುದ್ರಣಕ್ಕೆ ಮಾತ್ರ. ಅದರಂತೆಯೇ ಕೇಳಿಸುವ ಹೊಸದನ್ನು ಹೊಸದಾಗಿ ಹಾಡಿ ಮಾಡಿದರೆ ಅದು ಉಲ್ಲಂಘನೆಯಲ್ಲ. ಅಡ್ಡ ಬರುವುದು ಕರಾರು. ಹಾಡು ಬಂದು ಐದು ವರ್ಷ ಅಥವಾ ಕರಾರು ಮುಗಿದು ಎರಡು ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಮತ್ತೆ ಹಾಡುವಂತಿಲ್ಲ ಎನ್ನುವುದು ಅಲ್ಲಿನ ವಾಡಿಕೆ. ಟೇಲರ್ ಅವರಿಗೆ ಮೊದಲ ಐದು ಆಲ್ಬಂಗಳ ಬಾಗಿಲು ತೆರೆದದ್ದು 2020ರ ನವೆಂಬರಿನಲ್ಲಿ.

[ಪರದೆ: ಎರಡು ಮುದ್ರಣಗಳ ಅಲೆಗಳು ಮೇಲೆ ಕೆಳಗೆ]

ಹೇಳೋದು ಸುಲಭ, ಮಾಡೋದು ಕಷ್ಟ. ಮಾಸ್ಟರ್ ನಿಮ್ಮದಲ್ಲದಿದ್ದರೆ ಅದರ ಬಿಡಿ ಟ್ರ್ಯಾಕುಗಳನ್ನೂ ಬಳಸುವ ಹಾಗಿಲ್ಲ. ಡ್ರಮ್ಮಿನ ಒಂದು ಪೆಟ್ಟನ್ನೂ ಎತ್ತಿಕೊಳ್ಳುವಂತಿಲ್ಲ, ಎಲ್ಲವನ್ನೂ ಕಿವಿಯಿಂದ ಕೇಳಿ ಮತ್ತೆ ಕಟ್ಟಬೇಕು. ನಿರ್ಮಾಪಕ ಕ್ರಿಸ್ಟೋಫರ್ ರೋ ಜೊತೆ, ತನ್ನ ಬ್ಯಾಂಡಿನ ವಾದ್ಯಗಾರರನ್ನು ಕೂರಿಸಿಕೊಂಡು ಮಾಡಿದ ಕೆಲಸ ಇದು. 2008ರ ದನಿ ಹದಿನೆಂಟರದ್ದು, 2021ರದ್ದು ಮೂವತ್ತು ದಾಟಿದ್ದು. ಹೆಡ್‌ಫೋನ್ ಹಾಕಿ ಕೇಳಿ, ತಗ್ಗಿನ ಸ್ವರ ಈಗ ದಪ್ಪ, ಸಾಲಿನ ಕೊನೆಯ ಹಳ್ಳಿ ಉಚ್ಚಾರದ ಎಳೆತ ಸ್ವಲ್ಪ ಕಡಿಮೆ. ಬ್ಯಾಂಜೋ, ಗಿಟಾರಿನ ಹಾಡುಗಳು ಚೆನ್ನಾಗಿ ಕೂತವು. ಎಡವಟ್ಟಾದದ್ದು '1989' ಆಲ್ಬಮ್ಮಿನಲ್ಲಿ. ಅದು ಸಿಂಥ್‌ಗಳ, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡುಗಳ ಪಾಪ್, ಮೂಲ ನಿರ್ಮಾಪಕ ಮ್ಯಾಕ್ಸ್ ಮಾರ್ಟಿನ್ ಈ ಸಲ ಇರಲಿಲ್ಲ. 'ಸ್ಟೈಲ್' ಹಾಡಿನ ಗಿಟಾರು ಹಳೆಯದರಷ್ಟು ಹರಿತವಾಗಿಲ್ಲ ಎಂದು ಅಭಿಮಾನಿಗಳೇ ಗೊಣಗಿದರು. ಗೊಣಗಿದ್ದರಲ್ಲಿ ತಪ್ಪಿಲ್ಲ.

ಇನ್ನೊಂದು ಸಮಸ್ಯೆ ಆ್ಯಪಿನದ್ದು. ಹೊಸ ಮುದ್ರಣಕ್ಕೆ ಹೊಸ ಗುರುತಿನ ಸಂಖ್ಯೆ, ಅಂದರೆ ಎಣಿಕೆ ಸೊನ್ನೆಯಿಂದ. ಜನರ ಹಳೆಯ ಪ್ಲೇಲಿಸ್ಟುಗಳು ಹಳೆಯದನ್ನೇ ನುಡಿಸುತ್ತಿರುತ್ತವೆ. ಅದಕ್ಕೇ ಪ್ರತಿ ಆಲ್ಬಮ್ಮಿಗೂ, ಆ ಕಾಲದಲ್ಲಿ ಬರೆದು ಹೊರಬಿಡದೆ ಇಟ್ಟಿದ್ದ ಹಾಡುಗಳನ್ನು ಸೇರಿಸಿದರು. 'ಆಲ್ ಟೂ ವೆಲ್' ಹಾಡಿನ ಹತ್ತು ನಿಮಿಷದ ರೂಪ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನ ಹಿಡಿಯಿತು. 2014ರಲ್ಲಿ '1989' ಮೊದಲ ವಾರ ಅಮೆರಿಕದಲ್ಲಿ 12.87 ಲಕ್ಷ ಪ್ರತಿ ಹೋಗಿತ್ತು, 2023ರ ಮರುಮುದ್ರಣದ್ದು ಸ್ಟ್ರೀಮಿಂಗ್ ಸೇರಿ 16.53 ಲಕ್ಷ.

ನಮ್ಮ ಸಿನಿಮಾ ಹಾಡಿನಲ್ಲಿ ಈ ದಾರಿ ಕಷ್ಟ. ಪದ, ರಾಗ, ಮುದ್ರಣ ಮೂರೂ ಸಾಮಾನ್ಯವಾಗಿ ನಿರ್ಮಾಪಕರ ಮೂಲಕ ಆಡಿಯೋ ಕಂಪನಿಗೆ ಹೋಗುತ್ತವೆ. ಕೃತಿಸ್ವಾಮ್ಯ ಕಾಯ್ದೆಗೆ ಆದ 2012ರ ತಿದ್ದುಪಡಿ ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ರಾಯಲ್ಟಿಯ ಪಾಲು ಉಳಿಸಿತು, ಅಷ್ಟೇ.

[ಪರದೆ: ಆರು ಆಲ್ಬಂಗಳ ಮುಖಪುಟ]

ಆರೂ ಆಲ್ಬಂಗಳ ಮಾಸ್ಟರ್‌ಗಳನ್ನು ಶ್ಯಾಮ್‌ರಾಕ್‌ನಿಂದ ಕೊಂಡುಕೊಂಡಿದ್ದೇನೆ ಎಂದು 2025ರ ಮೇ 30ರಂದು ಟೇಲರ್ ಪ್ರಕಟಿಸಿದರು. ಸುಮಾರು 36 ಕೋಟಿ ಡಾಲರ್ ಅಂತ ವರದಿ. ಆಗ ನಾಲ್ಕು ಮರುಮುದ್ರಣ ಹೊರಬಂದಿದ್ದವು. ಮೊದಲ ಆಲ್ಬಂ ಪೂರ್ತಿ ಮತ್ತೆ ಹಾಡಿ ಇಟ್ಟಿದ್ದೇನೆ, ಆರನೆಯದಾದ 'ರೆಪ್ಯುಟೇಶನ್' ಕಾಲು ಭಾಗವೂ ಆಗಿಲ್ಲ ಎಂದು ಅವರೇ ಬರೆದರು. ಅಷ್ಟರಲ್ಲಿ ಕಂಪನಿಗಳ ವಕೀಲರು ಸುಮ್ಮನಿರಲಿಲ್ಲ. ಹೊಸ ಗಾಯಕರ ಕರಾರಿನಲ್ಲಿ ಮತ್ತೆ ಹಾಡಬಾರದ ಅವಧಿಯನ್ನು 10, 15, ಕೆಲವೆಡೆ 30 ವರ್ಷದವರೆಗೂ ಕೇಳತೊಡಗಿದ್ದರು.