ಈ ಡಬ್ಬಿ ಎಷ್ಟು ವಾಟ್ ತಡೆಯುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹ್ಯಾಮ್ ರೇಡಿಯೊ ಹವ್ಯಾಸದವರು ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. "ಆಂಟೆನಾ ಟ್ರಾನ್ಸ್‌ಫಾರ್ಮರ್ ನಾನೇ ಸುತ್ತಿ ಡಬ್ಬಿಯಲ್ಲಿಟ್ಟಿದ್ದೇನೆ, 100 ವಾಟ್ ಕೊಡಬಹುದಾ?" ಉತ್ತರ ಹೇಳುವವರೂ ಧಾರಾಳಿಗಳು. "ಏನೂ ಆಗಲ್ಲ, ಕೊಡಿ" ಅಂದುಬಿಡುತ್ತಾರೆ. ಯಾವ ಬ್ಯಾಂಡು, ಎಷ್ಟು ಹೊತ್ತು, ಮಾತಿಗೋ ಎಫ್‌ಟಿ8 ಎಂಬ ಕಂಪ್ಯೂಟರ್ ಸಂದೇಶಕ್ಕೋ, ಇದ್ಯಾವುದನ್ನೂ ಕೇಳುವುದಿಲ್ಲ. ಅದನ್ನು ಕೇಳದೆ ಹೇಳಿದ ವಾಟಿಗೆ ಬೆಲೆಯೇ ಇಲ್ಲ.

7 ಮೆಗಾಹರ್ಟ್ಸ್‌ನ ಅರ್ಧ ಅಲೆಯ ಆಂಟೆನಾ ತೆಗೆದುಕೊಳ್ಳಿ. ಸುಮಾರು 20 ಮೀಟರ್ ತಂತಿ. ಮಹಡಿಯಿಂದ ತೆಂಗಿನಮರಕ್ಕೆ ಎಳೆದು ಕಟ್ಟಿ, ಒಂದು ತುದಿಯಲ್ಲೇ ಫೀಡ್ ಮಾಡಿದರಾಯಿತು. ಆ ತುದಿಯಲ್ಲಿ ಇಂಪೀಡೆನ್ಸ್, ಅಂದರೆ ಎಸಿ ಕರೆಂಟಿಗೆ ಒಡ್ಡುವ ತಡೆ, ಎರಡು ಮೂರು ಸಾವಿರ ಓಮ್ ಇರುತ್ತದೆ. ರಿಗ್, ಅಂದರೆ ರೇಡಿಯೊ ಸೆಟ್, ಕೇಳುವುದು 50 ಓಮ್. ಆದ್ದರಿಂದ ಫೆರೈಟ್ ಟೊರಾಯ್ಡ್, ಅಂದರೆ ಕಾಂತಗುಣದ ಬಳೆಯಾಕಾರದ ಕೋರ್ ಮೇಲೆ, ರಿಗ್ ಕಡೆಯ ಪ್ರೈಮರಿ 2 ಸುತ್ತು, ಆಂಟೆನಾ ಕಡೆಯ ಸೆಕೆಂಡರಿ 14 ಸುತ್ತು. ಸುತ್ತು 7 ಪಟ್ಟು, ಇಂಪೀಡೆನ್ಸ್ 49 ಪಟ್ಟು. 50 ಓಮ್ ಹೋಗಿ 2450 ಓಮ್ ಆಗುತ್ತದೆ.

ಇಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಕೋರ್, ಅದೂ ಬಿಸಿಯಿಂದ. ಎಷ್ಟು ಬಿಸಿ ಅಂತ ತಿಳಿಯಲು ದೊಡ್ಡ ಲ್ಯಾಬ್ ಬೇಡ. ಒಂದೇ ತರಹದ ಎರಡು ಟ್ರಾನ್ಸ್‌ಫಾರ್ಮರ್ ಸುತ್ತಿ. 14 ಸುತ್ತಿನ ಕಡೆಗಳನ್ನು ಒಂದಕ್ಕೊಂದು ಜೋಡಿಸಿ, ಒಂದರ 2 ಸುತ್ತಿನ ಕಡೆಗೆ ರಿಗ್, ಇನ್ನೊಂದರ 2 ಸುತ್ತಿನ ಕಡೆಗೆ 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಹಾಕಿ. ಎರಡೂ ಸೇರಿ 1 ಡೆಸಿಬೆಲ್ ನಷ್ಟ ಕಂಡರೆ ಒಂದರ ಪಾಲು ಅರ್ಧ ಡೆಸಿಬೆಲ್. ಅಂದರೆ ಸುಮಾರು ನೂರಕ್ಕೆ 11. 100 ವಾಟ್ ಕೊಟ್ಟರೆ 11 ವಾಟ್ ಕೋರ್‌ನಲ್ಲೇ ಉಳಿದು ಬಿಸಿಯಾಗುತ್ತದೆ. ಗಾಳಿಯಾಡದ ಡಬ್ಬಿಯೊಳಗೆ 11 ವಾಟ್ ಸಣ್ಣದೇನಲ್ಲ.

ಮುಂದೆ ಸಣ್ಣ ಪವರ್‌ನಲ್ಲಿ ಕಾಯಿಸಿ ನೋಡುವುದು. ಡಬ್ಬಿಯ ಮುಚ್ಚಳ ಹಾಕಿಯೇ 20 ವಾಟ್ ಬಿಡದೆ ಕೊಡಿ, ಬಿಸಿ ಏರುವುದು ನಿಂತಮೇಲೆ ರಿಗ್ ಬಂದ್ ಮಾಡಿ ಕೂಡಲೇ ಅಳೆಯಿರಿ. ಟ್ರಾನ್ಸ್‌ಮಿಟ್ ಆಗುವಾಗ ಕೈ ಹಾಕಬೇಡಿ, ಆರ್‌ಎಫ್, ಅಂದರೆ ರೇಡಿಯೊ ಆವರ್ತನದ ಕರೆಂಟ್, ಸುಡುತ್ತದೆ. ಕೋರ್ 18 ಡಿಗ್ರಿ ಏರಿತು ಅಂದುಕೊಳ್ಳೋಣ. 100 ವಾಟಿಗೆ ಅದರ ಐದರಷ್ಟು, 90 ಡಿಗ್ರಿ. ಈಗ ಮೇ ತಿಂಗಳ ಕಲಬುರಗಿಯ ಮಹಡಿ ನೆನಪಿಸಿಕೊಳ್ಳಿ. ಬಿಸಿಲಿಗೆ ಕಾದ ಡಬ್ಬಿಯ ಒಳಗೆ ಮೊದಲೇ 60 ಡಿಗ್ರಿ ಇದ್ದರೆ ಒಟ್ಟು 150. ಇಂಥ ಟ್ರಾನ್ಸ್‌ಫಾರ್ಮರ್‌ಗೆ ಹೆಚ್ಚಿನವರು ಬಳಸುವ 43 ನಂಬರಿನ ಫೆರೈಟ್ ಸುಮಾರು 130 ಡಿಗ್ರಿ ದಾಟಿದರೆ ಕಾಂತಗುಣವನ್ನೇ ಬಿಟ್ಟುಕೊಡುತ್ತದೆ. ಪವರ್ ಎಷ್ಟು ವಾಪಸ್ ಬರುತ್ತಿದೆ ಅಂತ ತೋರುವ ಎಸ್‌ಡಬ್ಲ್ಯೂಆರ್ ಮುಳ್ಳು ಟ್ರಾನ್ಸ್‌ಮಿಟ್ ಮಾಡುತ್ತಿರುವಾಗಲೇ ಮೆಲ್ಲಗೆ ಮೇಲೆ ಹತ್ತುತ್ತಿದೆಯೇ? ಅದೇ ಲಕ್ಷಣ, ತಕ್ಷಣ ನಿಲ್ಲಿಸಿ. ನಾನಾದರೆ 100 ಡಿಗ್ರಿಗೇ ಗೆರೆ ಎಳೆಯುತ್ತೇನೆ.

ಹಾಗಂತ 100 ವಾಟ್ ಆಸೆ ಬಿಡಬೇಕಾಗಿಲ್ಲ. ಎಸ್‌ಎಸ್‌ಬಿ, ಅಂದರೆ ಹ್ಯಾಮ್‌ಗಳು ಮಾತಾಡಲು ಬಳಸುವ ವಿಧಾನ, ಅದರಲ್ಲಿ ಪವರ್ ಏರಿಳಿಯುತ್ತದೆ, ಸರಾಸರಿ ತುಂಬಾ ಕಡಿಮೆ. ಜೊತೆಗೆ ಅರ್ಧ ಹೊತ್ತು ನೀವು ಕೇಳಿಸಿಕೊಳ್ಳುತ್ತಿರುತ್ತೀರಿ, ಅಲ್ವಾ? ಎಫ್‌ಟಿ8 ಹಾಗಲ್ಲ. 15 ಸೆಕೆಂಡಿನಲ್ಲಿ ಸುಮಾರು 12.6 ಸೆಕೆಂಡು ಪೂರ್ತಿ ಪವರ್. ಒಂದು ಸರದಿ ಬಿಟ್ಟು ಒಂದು ಸರದಿ ಕಳಿಸಿದರೂ ಸರಾಸರಿ ನೂರಕ್ಕೆ 42. ಅದೇ ಕಲಬುರಗಿಯ ಡಬ್ಬಿಯಲ್ಲಿ 38 ಡಿಗ್ರಿ ಏರಿಕೆ, ಒಟ್ಟು 98. ಗೆರೆಯ ಅಂಚಿಗೇ ಬಂತು. ಅಲ್ಲಿ ನಾನು 50 ವಾಟ್ ದಾಟುವುದಿಲ್ಲ.

ವೋಲ್ಟೇಜ್ ಕಥೆ ಬೇರೆ. ಅದು ನಿಧಾನಕ್ಕೆ ಕಾಯುವುದಿಲ್ಲ, ಒಂದೇ ಕ್ಷಣದಲ್ಲಿ ಕಿಡಿ ಹಾರುತ್ತದೆ. ಹಾಗಾಗಿ ಸರಾಸರಿ ಹಿಡಿಯಬಾರದು, ಪೀಕ್ ಪವರೇ ಲೆಕ್ಕ. ಪವರ್ ಮತ್ತು ಓಮ್ ಗುಣಿಸಿ, ಎರಡರಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. 100 ವಾಟ್, 2450 ಓಮ್ ಅಂದರೆ ಸರಿಯಾಗಿ 700 ವೋಲ್ಟ್. ಟೊರಾಯ್ಡ್ ಬದಲು ಕಾಯಿಲ್ ಮತ್ತು ಹಳೇ ವಾಲ್ವ್ ರೇಡಿಯೊದ ಗ್ಯಾಂಗ್ ಕಂಡೆನ್ಸರ್ (ತಿರುಗಿಸಿ ಸ್ಟೇಷನ್ ಹಿಡಿಯುವ ಪ್ಲೇಟುಗಳ ಕಂಡೆನ್ಸರ್) ಹಾಕಿ ಟ್ಯೂನ್ ಮಾಡುವವರಿದ್ದಾರೆ. ಅದರ ಪ್ಲೇಟುಗಳ ಸಂದು ಫೀಲರ್ ಗೇಜ್ ಇಟ್ಟು ನೋಡಿದಾಗ 0.3 ಮಿಲಿಮೀಟರ್ ಬಂತೆನ್ನಿ. ಒಣ ಗಾಳಿ ಮಿಲಿಮೀಟರಿಗೆ 3000 ವೋಲ್ಟ್ ತಡೆಯುತ್ತದೆ ಅಂತ ಪುಸ್ತಕ ಹೇಳುತ್ತದೆ. ಆದರೆ ಪ್ಲೇಟಿನ ಚೂಪು ಅಂಚು, ಧೂಳು, ಮಂಗಳೂರಿನ ಮಳೆಗಾಲದ ತೇವ ಪುಸ್ತಕದಲ್ಲಿಲ್ಲ. 1000 ವೋಲ್ಟ್ ಅಂತಲೇ ಹಿಡಿಯಿರಿ. 0.3ಕ್ಕೆ 300 ವೋಲ್ಟ್. ಅದನ್ನು 2450 ಓಮ್‌ಗೆ ತಿರುಗಿಸಿ ಲೆಕ್ಕ ಹಾಕಿದರೆ ಸಿಗುವುದು ಬರೀ 18 ವಾಟ್! ತಂತಿ ಕಡಿದು ಬಿದ್ದರೆ ವೋಲ್ಟೇಜ್ ಇನ್ನೂ ಜಾಸ್ತಿಯಾಗಬಹುದು.

ಕೋಯಾಕ್ಸ್, ಅಂದರೆ ಕೇಬಲ್ ಟಿವಿಯ ತರಹದ ಕೇಬಲ್, ಅದರ ತುಂಡನ್ನೇ ಕಂಡೆನ್ಸರ್ ಮಾಡುವುದೂ ಉಂಟು. ಆರ್‌ಜಿ-58 ಎಂಬ ಕೋಯಾಕ್ಸ್ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ತೆರೆದ ತುದಿಯಲ್ಲಿ ಹೆಣೆದ ತಂತಿಯನ್ನು ಒಂದೆರಡು ಸೆಂಟಿಮೀಟರ್ ಹಿಂದಕ್ಕೆ ಕತ್ತರಿಸಿ, ಒಳಗಿನ ಪ್ಲಾಸ್ಟಿಕ್ ಹಾಗೇ ಬಿಡಿ. ಇಲ್ಲದಿದ್ದರೆ ಕಿಡಿ ಅಲ್ಲೇ ಹಾರುವುದು.

ಕರೆಂಟ್ ಕಾಟ ಕೊಡುವುದು ಓಮ್ ಕಡಿಮೆ ಇರುವ ಆಂಟೆನಾಗಳಲ್ಲಿ. 5 ಓಮ್‌ಗೆ 100 ವಾಟ್ ಕೊಟ್ಟರೆ ಸುಮಾರು 4.5 ಆಂಪಿಯರ್. ತೆಳು ತಂತಿ, ಸಾದಾ ಡಿಸ್ಕ್ ಕಂಡೆನ್ಸರ್ ಎರಡೂ ಅಲ್ಲಿ ಬೇಡ.

ಲೆಕ್ಕ ಮುಗಿದ ಮೇಲೆ ಡಬ್ಬಿಯ ಮೇಲೆ ಸುಮ್ನೆ "100 ವಾಟ್" ಅಂತ ಬರೆಯಬೇಡಿ. "7 ಮೆಗಾಹರ್ಟ್ಸ್, ಎಸ್‌ಎಸ್‌ಬಿ 100, ಎಫ್‌ಟಿ8 50" ಅಂತ ಬರೆಯಿರಿ. 28 ಮೆಗಾಹರ್ಟ್ಸ್‌ಗೂ ಇದನ್ನೇ ಬಳಸುವುದಾದರೆ ಕೋರ್‌ನ ನಷ್ಟ ಅಲ್ಲಿ ಬೇರೆ, ಹಾಗಾಗಿ ಆ ಬ್ಯಾಂಡಿನಲ್ಲೂ ಒಮ್ಮೆ ಕಾಯಿಸಿ ಅಳೆಯಿರಿ. ನಮಸ್ಕಾರ.