ಮರೆವಿಗೆ ಮದ್ದು ಆಮೇಲೆ, ಮೊದಲು ತಟ್ಟೆ ತೋರಿಸಿ

ನಮಸ್ಕಾರ. ಮುಂಬಯಿಯ ಮಾಟುಂಗದಲ್ಲಿ ನಿಂತು ಇಡ್ಲಿ-ದೋಸೆ ವಿರುದ್ಧ ಮಾತಾಡೋಕೆ ಧೈರ್ಯ ಬೇಕು. ಇಲ್ಲಿ ಅರ್ಧ ಜನ ಹೋಟೆಲಿನವರು, ಮಿಕ್ಕವರು ಅವರ ಗಿರಾಕಿಗಳು! ಆದರೂ ಹೇಳಲೇಬೇಕು. ಅರವತ್ತು ದಾಟಿದವರು ಬಂದು "ಡಾಕ್ಟ್ರೇ, ಮರೆವು ಜಾಸ್ತಿ ಆಗಿದೆ, ಒಂದೆಲಗ ತಿನ್ನಲಾ, ಬಾದಾಮಿ ನೆನೆಸಲಾ" ಅಂತ ಕೇಳುತ್ತಾರೆ. ದಿನಾ ಏನು ಉಣ್ಣುತ್ತೀರಿ ಅಂದರೆ "ಎಲ್ಲಾ ನಾರ್ಮಲ್" ಅಂತಾರೆ.

ಒಬ್ಬರಿದ್ದಾರೆ, ಇಡೀ ಆಯುಷ್ಯ ಹೋಟೆಲಿನ ಗಲ್ಲಾದಲ್ಲಿ ಕಳೆದವರು. ವೇಟರ್ ಅಲ್ಲಿಂದಲೇ ಕೂಗಿದ್ದನ್ನು ಕೇಳಿ ಬಾಯಲ್ಲೇ ಬಿಲ್ ಹೇಳುತ್ತಿದ್ದರು. ಈಗ ಐನೂರರ ನೋಟು ಕೊಟ್ಟರೆ ಚಿಲ್ಲರೆ ಎಣಿಸಿ, ಮತ್ತೆ ಎಣಿಸಿ, ಕೊನೆಗೆ ಆ ನೋಟನ್ನೇ ವಾಪಸ್ ಕೊಡುತ್ತಾರೆ. ಮಗ "ವಯಸ್ಸಾಯ್ತಲ್ಲ" ಅಂದ. ನಾನು ತಟ್ಟೆ ತೋರಿಸಿ ಅಂದೆ. ಬೆಳಿಗ್ಗೆ ಅವಲಕ್ಕಿ, ಹತ್ತು ಗಂಟೆಗೆ ಬನ್ಸ್, ಮಧ್ಯಾಹ್ನ ಅನ್ನದ ಗುಡ್ಡೆ, ಅದರ ಮೇಲೆ ಬೇಳೆ ಹುಡುಕಬೇಕಾದಂಥ ಸಾರು, ಸಂಜೆ ವಡಾಪಾವ್, ನಡುನಡುವೆ ಸಕ್ಕರೆ ಹಾಕಿದ ಕಟಿಂಗ್ (ಅರ್ಧ ಲೋಟ) ಚಾ. ಏಕಾದಶಿಗೆ ಉಪವಾಸವಂತೆ. ಏನು ಉಪವಾಸ? ಸಾಬುದಾನಾ (ಸಬ್ಬಕ್ಕಿ) ಖಿಚಡಿ! ನೆಲಗಡಲೆ ಪುಡಿ ತೆಗೆದರೆ ಅದರಲ್ಲಿ ಉಳಿಯೋದು ಬರೀ ಪಿಷ್ಟ. ಹೆಂಡತಿ ಮಾತ್ರ ಹೆಮ್ಮೆಯಿಂದ, "ಇವರು ಸ್ವೀಟ್ ಮುಟ್ಟೋದೇ ಇಲ್ಲ ಡಾಕ್ಟ್ರೇ" ಅಂದರು.

ನನ್ನ ತಕರಾರು ಇದೇ. ಮೈದಾ, ಅನ್ನ, ಸಾಬುದಾನಾ, ಹೊಟ್ಟೆಗೆ ಹೋದಮೇಲೆ ಎಲ್ಲಾ ಗ್ಲುಕೋಸೇ. ಅಮೆರಿಕದ ಮೇಯೊ ಕ್ಲಿನಿಕ್‌ನವರು 70ರಿಂದ 89 ವಯಸ್ಸಿನ, ನೆನಪು ಸರಿಯಿದ್ದ 937 ಜನರನ್ನು ಸುಮಾರು ನಾಲ್ಕು ವರ್ಷ ಗಮನಿಸಿ 2012ರಲ್ಲಿ ವರದಿ ಕೊಟ್ಟರು. 200 ಜನರಲ್ಲಿ ಸೌಮ್ಯ ಮರೆವು ಅಥವಾ ಡಿಮೆನ್ಷಿಯಾ, ಅಂದರೆ ದಿನದ ಬದುಕನ್ನೇ ಕೆಡಿಸುವ ಮರೆವಿನ ಕಾಯಿಲೆ, ಶುರುವಾಗಿತ್ತು. ಸೌಮ್ಯ ಮರೆವು ಅಂದರೆ ಡಿಮೆನ್ಷಿಯಾಕ್ಕೆ ಮುಂಚಿನ ಹಂತ (ಎಲ್ಲರೂ ಅಲ್ಲಿಗೇ ಹೋಗಿ ಮುಟ್ಟಲ್ಲ, ಗಾಬರಿ ಬೇಡ). ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ಅತಿ ಹೆಚ್ಚು ತಿನ್ನುವವರಿಗೆ ಈ ಅಪಾಯ, ಅತಿ ಕಡಿಮೆ ತಿನ್ನುವವರ 1.9 ಪಟ್ಟು. ಕೊಬ್ಬು ಜಾಸ್ತಿ ತಿನ್ನುವವರಿಗೆ ಅಪಾಯ ಕಡಿಮೆ. ತುಪ್ಪದ ಡಬ್ಬಿ ನೆನಪಾಯ್ತಲ್ವಾ? ನಾನು ಹೇಳೋದು ನೆಲಗಡಲೆ, ಎಳ್ಳು, ಅಕ್ರೋಟು, ಮೀನಿನ ಒಳ್ಳೆ ಕೊಬ್ಬು.

"ಅನ್ನ ತಿಂದರೆ ಡಿಮೆನ್ಷಿಯಾ" ಅಂತ ಇವತ್ತು ರಾತ್ರಿನೇ ವಾಟ್ಸಾಪ್‌ಗೆ ಹಾಕಬೇಡಿ. ಎರಡಕ್ಕೂ ನಂಟು ಕಂಡಿದೆ, ಇದರಿಂದಲೇ ಅದು ಅಂತ ಸಾಬೀತಾಗಿಲ್ಲ. ಮೆದುಳು ಸೋಲತೊಡಗಿದಾಗ ಸಿಹಿಯ ಆಸೆ ಹೆಚ್ಚೋದೂ ಉಂಟು, ಅಂದರೆ ಕಾರಣ-ಪರಿಣಾಮ ತಿರುಗಾಮುರುಗಾ ಇದ್ದರೂ ಇರಬಹುದು. ಆದರೆ 2013ರ ಇನ್ನೊಂದು ಅಧ್ಯಯನದಲ್ಲಿ ಡಯಾಬಿಟೀಸ್ ಇಲ್ಲದವರಲ್ಲೂ ಸರಾಸರಿ ಶುಗರ್ 100ರ ಬದಲು 115 ಇದ್ದರೆ ಡಿಮೆನ್ಷಿಯಾ ಅಪಾಯ ಶೇ. 18 ಹೆಚ್ಚು ಅಂತ ಬಂತು. ನಮ್ಮ ಗಲ್ಲಾದವರ ಶುಗರ್ ಕೂಡ "ಬಾರ್ಡರ್ ಅಷ್ಟೇ" ಅಂತ ಬಿಟ್ಟಿದ್ದದ್ದು. ಇನ್ಸುಲಿನ್ನನ್ನೂ ಮೆದುಳಲ್ಲಿ ಸೇರುವ ಅಮೈಲಾಯ್ಡ್ ಕಸವನ್ನೂ ಒಡೆಯೋ ಕಿಣ್ವ ಒಂದೇ. ಮೈಯಲ್ಲಿ ಇನ್ಸುಲಿನ್ ಯಾವಾಗಲೂ ತುಂಬಿಕೊಂಡಿದ್ದರೆ ಅದಕ್ಕೆ ಕಸದ ಕಡೆ ಬಿಡುವೆಲ್ಲಿ ಅನ್ನೋದು ಕೆಲವರ ವಾದ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ನಿದ್ದೆ, ನಡಿಗೆ, ಬಿಪಿ ಇನ್ನೊಂದು ಸಲ. ಮರೆವು ಅಂದಾಗ ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆ ಮಾತ್ರ ಬಿಡಬೇಡಿ, ಅವುಗಳ ಕೊರತೆ ಮರೆವಿಗೆ ಸರಿಪಡಿಸಬಹುದಾದ ಕಾರಣ. ಊಟಕ್ಕೆ ಕೂತಾಗ ಪಲ್ಯ, ಬೇಳೆ ಮೊದಲು ತಿನ್ನಿ, ಅನ್ನ ಆಮೇಲೆ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಮಾತ್ರ ನನ್ನ ಮಾತು ಕೇಳಿ ನಾಳೆಯಿಂದಲೇ ಅನ್ನ ಬಿಡಬೇಡಿ, ಶುಗರ್ ದಿಢೀರನೆ ಇಳಿದೀತು. ನಿಮ್ಮ ಡಾಕ್ಟರನ್ನು ಕೇಳಿ, ಡೋಸ್ ಹೊಂದಿಸಿಕೊಂಡು ಆಮೇಲೆ ಕಡಿಮೆ ಮಾಡಿ. ಹಿಂದಿನ ಸಾಲಿನ ಅಮ್ಮ ಆಗಿನಿಂದ ಕೈ ಎತ್ತಿದ್ದಾರೆ, ಅವರಿಗೆ ಮೈಕ್ ಕೊಡಿ.