ಸೊನ್ನೆಗೆ ಇಳಿಯುವ ಆಟ

ಕೇಳುಗರೇ, ನಮಸ್ಕಾರ.

ಡಾರ್ಟ್ಸ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮಕ್ಕಳಿಗೆ ತಂದುಕೊಡುವ ಅಯಸ್ಕಾಂತದ ಬೋರ್ಡು. ನಟ್ಟನಡುವೆ ಹೊಡೆದವನು ಗೆದ್ದ, ಅಷ್ಟೇ ಆಟ ಅಂತ ಅಂದುಕೊಂಡಿರುತ್ತೇವೆ. ಹಾಗಲ್ಲ. ನಡುವಿನ ಕೆಂಪು ಚುಕ್ಕೆಗೆ ಬುಲ್ ಅನ್ನುತ್ತಾರೆ, ಅದಕ್ಕೆ ಸಿಗುವುದು 50 ಅಂಕ. ಅದಕ್ಕಿಂತ ಜಾಸ್ತಿ ಅಂಕ ಕೊಡುವ ಜಾಗಗಳು ಅದೇ ಬೋರ್ಡಿನಲ್ಲಿ ಇನ್ನೂ ನಾಲ್ಕಿವೆ.

ರೇಡಿಯೋದಲ್ಲಿ ಚಿತ್ರ ತೋರಿಸುವ ಹಾಗಿಲ್ಲ. ಮಾತಿನಲ್ಲೇ ಬರೆದುಕೊಡುತ್ತೇನೆ, ಕಣ್ಣು ಮುಚ್ಚಿ ಕೇಳಿ. ಗಾಡಿ ಓಡಿಸುತ್ತಿರುವವರನ್ನು ಬಿಟ್ಟು! ದುಂಡನೆಯ ಬೋರ್ಡು, ಅಗಲ 451 ಮಿಲಿಮೀಟರ್. ಅದರಲ್ಲಿ ನಡುವಿನಿಂದ ಅಂಚಿನ ಕಡೆಗೆ ಅಗಲವಾಗುತ್ತಾ ಹೋಗುವ 20 ಭಾಗಗಳು. ಪ್ರತಿಯೊಂದಕ್ಕೂ ಒಂದೊಂದು ಅಂಕಿ. ಹೊರ ಅಂಚಿನಲ್ಲಿ ಬೆರಳಷ್ಟೂ ಅಗಲವಿಲ್ಲದ ಒಂದು ಉಂಗುರ ಇದೆ. ಅಲ್ಲಿ ಬಿದ್ದರೆ ಅಂಕ ಎರಡು ಪಟ್ಟು, ಅದು ಡಬಲ್. ಅಂಚಿಗೂ ನಡುವಿಗೂ ಮಧ್ಯೆ ಅಷ್ಟೇ ತೆಳುವಾದ ಇನ್ನೊಂದು ಉಂಗುರ. ಅಲ್ಲಿ ಬಿದ್ದರೆ ಮೂರು ಪಟ್ಟು, ಅದು ಟ್ರಿಬಲ್. 20ರ ಟ್ರಿಬಲ್‌ಗೆ 60. ಒಂದು ಸರದಿಗೆ ಮೂರು ಡಾರ್ಟು, ಮೂರೂ ಅಲ್ಲೇ ನೆಟ್ಟರೆ 180. ಒಂದು ಸರದಿಯಲ್ಲಿ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ.

ಈಗ ಕಿಲಾಡಿತನ ನೋಡಿ. ಎಲ್ಲಕ್ಕಿಂತ ಮೇಲೆ ನಿಂತಿರುವ 20ರ ಎಡಕ್ಕೆ 5, ಬಲಕ್ಕೆ 1. ಕೈ ಒಂಚೂರು ಆಚೀಚೆ ಆದರೆ ದೊಡ್ಡ ಅಂಕದ ಬದಲು ಪುಡಿಗಾಸು. ನಮ್ಮಂಥ ಹವ್ಯಾಸಿಗಳು ಟಿವಿಯಲ್ಲಿ ನೋಡಿದ್ದನ್ನೇ ಮಾಡಲು ಹೋಗಿ 20ಕ್ಕೆ ಎಸೆಯುತ್ತೇವೆ. ಒಂದು 20ಕ್ಕೆ, ಒಂದು 5ಕ್ಕೆ, ಒಂದು 1ಕ್ಕೆ ಬೀಳುತ್ತದೆ. ಒಟ್ಟು 26. ಮತ್ತೆ ಎಸೆದರೆ ಮತ್ತೆ 26. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಖ್ಯಾಶಾಸ್ತ್ರದವರು ಇದನ್ನೇ ಲೆಕ್ಕಹಾಕಿ ಒಂದು ಪ್ರಬಂಧ ಪ್ರಕಟಿಸಿದರು. ಕೈ ಪಳಗಿದವರಿಗೆ ಟ್ರಿಬಲ್ 20 ಸರಿ. ಸ್ವಲ್ಪ ಅಲುಗಾಡುವ ಕೈಗೆ ಕೆಳಗಿನ ಟ್ರಿಬಲ್ 19 ವಾಸಿ. ಇನ್ನೂ ಅಲುಗಾಡುವವರು ನಡುವಿನಿಂದ ಸ್ವಲ್ಪ ಎಡಕ್ಕೆ ಗುರಿ ಇಡುವುದೇ ಲಾಭ. ಎಡಗಡೆ 14, 11, 8, 16 ಅಂತ ಸಾಧಾರಣ ಅಂಕಗಳಿವೆ, ತಪ್ಪಿದರೂ ನಷ್ಟ ಕಡಿಮೆ. ಇದು ಗೊತ್ತಿದ್ದೂ ಯಾರೂ ಎಡಕ್ಕೆ ಎಸೆಯುವುದಿಲ್ಲ ಅನ್ನುವುದು ಬೇರೆ ಮಾತು. 180 ಹೊಡೆಯುವ ಆಸೆ ಬಿಡಬೇಕಲ್ಲ!

ಆದರೆ ಹವ್ಯಾಸಿಗೂ ವೃತ್ತಿಪರ ಆಟಗಾರನಿಗೂ ಇರುವ ನಿಜವಾದ ದೂರ ಇಲ್ಲಿಲ್ಲ. 180 ನಮಗೂ ಯಾವತ್ತಾದರೂ ಅದೃಷ್ಟಕ್ಕೆ ಬಿದ್ದೀತು. ದೂರ ಇರುವುದು ಆಟ ಮುಗಿಸುವುದರಲ್ಲಿ. ಡಾರ್ಟ್ಸ್‌ನಲ್ಲಿ ಅಂಕ ಕೂಡಿಸುವುದಿಲ್ಲ, ಕಳೆಯುತ್ತಾರೆ. 501ರಿಂದ ಶುರು. ಹೊಡೆದಷ್ಟನ್ನೂ ಕಳೆಯುತ್ತಾ ಸರಿಯಾಗಿ ಸೊನ್ನೆಗೆ ಬರಬೇಕು. ಸೊನ್ನೆಗೆ ತರುವ ಆ ಕೊನೆಯ ಡಾರ್ಟು ಡಬಲ್‌ಗೋ ನಡುವಿನ ಬುಲ್‌ಗೋ ಬೀಳಲೇಬೇಕು. ಜಾಸ್ತಿ ಹೊಡೆದರೆ, ಇಲ್ಲವೇ 1 ಉಳಿಸಿದರೆ, ಆ ಸರದಿ ಪೂರ್ತಿ ರದ್ದು.

ಹಾಗಾಗಿ ಇದು ಕೈಯ ಆಟದಷ್ಟೇ ಲೆಕ್ಕದ ಆಟ. 32 ಉಳಿದಿದೆ ಅನ್ನಿ. ಡಬಲ್ 16ಕ್ಕೆ ಎಸೆಯುತ್ತೀರಿ. ಡಾರ್ಟು ಸ್ವಲ್ಪ ಒಳಗೆ ಬಿದ್ದು ಬರೀ 16 ಸಿಕ್ಕಿತು. ಪರವಾಗಿಲ್ಲ, ಉಳಿದದ್ದು 16, ಡಬಲ್ 8 ಇದೆ. ಅದೂ ಒಳಗೆ ಬಿದ್ದರೆ ಡಬಲ್ 4. ಆಮೇಲೆ ಡಬಲ್ 2, ಡಬಲ್ 1. 38 ಉಳಿಸಿಕೊಂಡವನ ಪಾಡು ಬೇರೆ. ಡಬಲ್ 19 ತಪ್ಪಿ ಬರೀ 19 ಬಿದ್ದರೆ ಉಳಿಯುವುದು ಬೆಸ ಸಂಖ್ಯೆ. ಅದನ್ನು ಸರಿಮಾಡಲು ಇನ್ನೊಂದು ಡಾರ್ಟು ದಂಡ.

ಇನ್ನೊಂದು ಉದಾಹರಣೆ ಹೇಳಲೇಬೇಕು, ನನಗೆ ತುಂಬ ಇಷ್ಟವಾದದ್ದು. 52 ಉಳಿದಿದೆ. ನಾವು ಥಟ್ಟನೆ 20ಕ್ಕೆ ಎಸೆಯುತ್ತೇವೆ, 32 ಉಳಿಯಲಿ ಅಂತ. ಪಳಗಿದವರು ಅನೇಕರು 12ಕ್ಕೆ ಎಸೆದು 40 ಉಳಿಸುತ್ತಾರೆ. ಯಾಕೆ? ಬೇಡದಿದ್ದರೂ ಡಾರ್ಟು ಹೋಗಿ ಟ್ರಿಬಲ್‌ಗೆ ಸಿಕ್ಕಿಕೊಳ್ಳಬಹುದು. ಟ್ರಿಬಲ್ 20 ಆದರೆ 60, ಸರದಿ ರದ್ದು. ಟ್ರಿಬಲ್ 12 ಆದರೆ 36, ಉಳಿದದ್ದು 16, ಡಬಲ್ 8 ಕಾದಿರುತ್ತದೆ. ತಪ್ಪಿದರೆ ಎಲ್ಲಿಗೆ ತಪ್ಪಬೇಕು ಅಂತ ಎಸೆಯುವ ಮೊದಲೇ ತೀರ್ಮಾನ ಆಗಿರುತ್ತದೆ. ಇದನ್ನು ಕಂಡ ಮೇಲೆ ನನಗೆ ಟಿವಿಯಲ್ಲಿ ಪಂದ್ಯ ನೋಡುವ ರೀತಿಯೇ ಬದಲಾಯಿತು. 180ಕ್ಕೆ ಜನ ಕೂಗುವಾಗ ಸುಮ್ನೆ ಕೂತಿರುತ್ತೇನೆ. 60, 50, 40ಕ್ಕೆ ಬಂದಾಗ ಮುಂದಕ್ಕೆ ಬಾಗುತ್ತೇನೆ.

ದೊಡ್ಡ ಪಂದ್ಯಗಳು ತಿರುಗುವುದೂ ಅಲ್ಲೇ. 2024ರ ಜನವರಿಯಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಫೈನಲ್. ಒಂದು ಕಡೆ ಲ್ಯೂಕ್ ಹಂಫ್ರೀಸ್. ಇನ್ನೊಂದು ಕಡೆ ವಾರಿಂಗ್ಟನ್ ಊರಿನ ಲ್ಯೂಕ್ ಲಿಟ್ಲರ್, ವಯಸ್ಸು 16. 501ರಿಂದ ಸೊನ್ನೆಗೆ ಬರುವ ಒಂದು ಸುತ್ತಿಗೆ ಲೆಗ್ ಅನ್ನುತ್ತಾರೆ, ಕೆಲವು ಲೆಗ್ ಸೇರಿದರೆ ಒಂದು ಸೆಟ್. ಹುಡುಗ 4–2 ಸೆಟ್‌ಗಳಿಂದ ಮುಂದಿದ್ದ. 5–2 ಮಾಡಲು ಬೇಕಾಗಿದ್ದದ್ದು ಡಬಲ್ 2. ಅದು ತಪ್ಪಿತು. ಅಲ್ಲಿಂದ ಹಂಫ್ರೀಸ್ ಎದ್ದು 7–4ರಲ್ಲಿ ಗೆದ್ದರು. ಮರುವರ್ಷ ಲಿಟ್ಲರ್ ಅದೇ ವೇದಿಕೆಗೆ ಬಂದು ಮೈಕಲ್ ವ್ಯಾನ್ ಗರ್ವೆನ್‌ರನ್ನು 7–3ರಲ್ಲಿ ಸೋಲಿಸಿ, 17ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ.

ಅದಕ್ಕೂ ಹಿಂದಿನ ಫೈನಲ್ಲು, 2023ರದ್ದು, ನೋಡದವರು ಹುಡುಕಿ ನೋಡಿ. 501ನ್ನು ಮುಗಿಸಲು ಕಡೇಪಕ್ಷ ಒಂಬತ್ತು ಡಾರ್ಟ್ ಬೇಕು. ಆ ಒಂಬತ್ತರಲ್ಲೇ ಮುಗಿಸುವುದು ಅಪರೂಪ. ಟಿವಿ ಎದುರು ಅದನ್ನು ಮೊದಲು ಮಾಡಿದ್ದು ಜಾನ್ ಲೋ, 1984ರಲ್ಲಿ. 2023ರಲ್ಲಿ ಆಗಿದ್ದೇನೆಂದರೆ, ಒಂದೇ ಲೆಗ್‌ನಲ್ಲಿ ಇಬ್ಬರೂ ಅದರ ಹಿಂದೆ ಬಿದ್ದರು. ವ್ಯಾನ್ ಗರ್ವೆನ್ ಎಂಟು ಡಾರ್ಟ್ ಸರಿಯಾಗಿ ನೆಟ್ಟು ಒಂಬತ್ತನೆಯದನ್ನು ಡಬಲ್ 12ರಲ್ಲಿ ಕಳೆದುಕೊಂಡರು. ಮರುಕ್ಷಣವೇ ಮೈಕಲ್ ಸ್ಮಿತ್ ಬಂದು, ಅದೇ ಡಬಲ್ 12ಕ್ಕೆ ಹೊಡೆದು ಮುಗಿಸಿದರು. ಮೊದಲನೆಯವರ ಮುಖ ನೋಡಬೇಕಿತ್ತು.

ಈ ಆಟಕ್ಕೆ ಒಂದು ಕಾಯಿಲೆಯೂ ಇದೆ, ಡಾರ್ಟೈಟಿಸ್. ಕೈ ಎತ್ತಿ ಗುರಿ ಇಟ್ಟಿರುತ್ತೀರಿ, ಬೆರಳು ಡಾರ್ಟನ್ನು ಬಿಡುವುದೇ ಇಲ್ಲ. ತೋಳಿನಲ್ಲಿ ಏನೂ ನೋವಿಲ್ಲ, ತಲೆಯೊಳಗಿನ ಗಂಟು. ಐದು ಸಲ ವಿಶ್ವ ಚಾಂಪಿಯನ್ ಆದ ಎರಿಕ್ ಬ್ರಿಸ್ಟೋ ಅವರಿಗೇ ಎಂಬತ್ತರ ದಶಕದಲ್ಲಿ ಇದು ಬಂತು. ಅದೇ ಬ್ರಿಸ್ಟೋ, ಸ್ಟೋಕ್ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಫಿಲ್ ಟೇಲರ್‌ಗೆ ಹಣ ಕೊಟ್ಟು ಆಟಕ್ಕೆ ತಂದವರು. 1990ರ ವಿಶ್ವ ಫೈನಲ್‌ನಲ್ಲಿ ಶಿಷ್ಯ ಗುರುವನ್ನು 6–1ರಿಂದ ಸೋಲಿಸಿದ. ಅದೂ ಸೇರಿ ಟೇಲರ್ ಒಟ್ಟು 16 ವಿಶ್ವ ಪ್ರಶಸ್ತಿ ಗೆದ್ದರು.

ಮನೆಯಲ್ಲಿ ಶುರು ಮಾಡುವವರಿಗೆ ಎರಡು ಮಾತು. ಅಯಸ್ಕಾಂತದ್ದು ಬೇಡ, ಕತ್ತಾಳೆಯಂಥ ಗಿಡದ ನಾರಿನಿಂದ ಮಾಡಿದ ಬೋರ್ಡು ತೆಗೆದುಕೊಳ್ಳಿ. ಸಿಸಲ್ ಬೋರ್ಡು ಅಂತ ಕೇಳಿದರೆ ಕೊಡುತ್ತಾರೆ. ಡಾರ್ಟು ಕಿತ್ತಾಗ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಬುಲ್ ನೆಲದಿಂದ 1.73 ಮೀಟರ್ ಎತ್ತರದಲ್ಲಿರಲಿ. ನಿಲ್ಲುವ ಗೆರೆ ಬೋರ್ಡಿನ ಮುಖದಿಂದ 2.37 ಮೀಟರ್ ದೂರ. ಅಂಕಿಗಳ ತಂತಿ ಬಳೆ ಬಿಚ್ಚಿ ಆಗಾಗ ಬೋರ್ಡು ತಿರುಗಿಸಿ, ಇಲ್ಲದಿದ್ದರೆ 20ರ ಜಾಗ ಒಂದೇ ಸವೆಯುತ್ತದೆ. ಕೆಳಗೆ ಒಂದು ದಪ್ಪ ಚಾಪೆ ಹಾಸಿ, ಟೈಲ್ಸ್‌ಗೆ ಬಿದ್ದರೆ ಮೊನೆಯೂ ಹೋಗುತ್ತದೆ, ಟೈಲ್ಸೂ ಹೋಗುತ್ತದೆ. ಬರಿಗಾಲಲ್ಲಿ ಆಡಬೇಡಿ. ಚಿಕ್ಕ ಮಕ್ಕಳು ಓಡಾಡುವ ಬಾಗಿಲ ಪಕ್ಕದಲ್ಲಂತೂ ಬೋರ್ಡು ಬೇಡವೇ ಬೇಡ. ಮೊದಲ ದಿನವೇ 501 ಆಡಬೇಡಿ, ಮುಗಿಯುವುದೇ ಇಲ್ಲ. 101ರಿಂದ ಶುರು ಮಾಡಿ, ಬೇಗ ಡಬಲ್‌ಗೆ ಬರುತ್ತೀರಿ. ಕಲಿಯಬೇಕಾದದ್ದು ಅದನ್ನೇ ಅಲ್ವಾ?

ವಿಶ್ವ ಚಾಂಪಿಯನ್‌ಶಿಪ್ ಡಿಸೆಂಬರ್‌ನಲ್ಲಿ ಶುರುವಾಗಿ ಜನವರಿ ಮೊದಲ ವಾರದವರೆಗೆ ನಡೆಯುತ್ತದೆ. ಅಲ್ಲಿ ಸಂಜೆ ಏಳಾದರೆ ನಮಗೆ ರಾತ್ರಿ ಹನ್ನೆರಡೂವರೆ. ಭಾರತದ ನಿತಿನ್ ಕುಮಾರ್ 2018ರ ಡಿಸೆಂಬರ್‌ನಲ್ಲಿ ಆ ವೇದಿಕೆ ಹತ್ತಿದರು, ಆಮೇಲೂ ಹೋಗಿ ಆಡಿದ್ದಾರೆ. ನೋಡುವಾಗ ಒಂದು ಕೆಲಸ ಮಾಡಿ. ಒಂದೇ ಸರದಿಯಲ್ಲಿ ಮುಗಿಸಬಹುದಾದ ದೊಡ್ಡ ಮೊತ್ತ 170: ಎರಡು ಟ್ರಿಬಲ್ 20, ಒಂದು ಬುಲ್. ಉಳಿದ ಅಂಕ ಅದಕ್ಕಿಂತ ಕೆಳಗೆ ಬಂದ ಕೂಡಲೇ, ಆಟಗಾರ ಗೆರೆಗೆ ಬಂದು ನಿಲ್ಲುವುದರೊಳಗೆ, ಮೊದಲ ಡಾರ್ಟು ಎಲ್ಲಿಗೆ ಅಂತ ನೀವೇ ಹೇಳಿ ನೋಡಿ. 169 ಬಂದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, ಅದನ್ನು ಮೂರು ಡಾರ್ಟಿನಲ್ಲಿ ಯಾರಿಂದಲೂ ಮುಗಿಸಲಾಗದು.

ನಮಸ್ಕಾರ.